ಮಗುವನ್ನು ಮೈದಾನಕ್ಕೆ ಕರೆದೊಯ್ಯುವವರು ಯಾರು?

ಏಪ್ರಿಲ್ ಬಂತೆಂದರೆ ಜಿಲ್ಲಾ ಕ್ರೀಡಾಂಗಣಗಳ ಮುಂದೆ ಬೆಳಗಿನ ಆರಕ್ಕೇ ಸ್ಕೂಟರುಗಳ ಸಾಲು. ಒಳಗೆ ಬೇಸಿಗೆ ಶಿಬಿರ. ಹೊರಗೆ ಕಾಂಪೌಂಡಿಗೆ ಒರಗಿದ ಅಪ್ಪಂದಿರು, ನೀರಿನ ಬಾಟಲಿ ಹಿಡಿದ ಅಮ್ಮಂದಿರು, ಆ ಸೆಕೆಯಲ್ಲೂ ಮಫ್ಲರ್ ಬಿಡದ ಅಜ್ಜಂದಿರು. ಓಡುವ ಮಕ್ಕಳನ್ನು ನೋಡಿ ನಮ್ಮೂರಲ್ಲಿ ಎಷ್ಟೊಂದು ಪ್ರತಿಭೆ ಇದೆ ಎಂದುಕೊಳ್ಳುತ್ತೇವೆ. ಆದರೆ ಅಲ್ಲಿ ಸೇರಿರುವುದು ಊರಿನ ಪ್ರತಿಭೆಯೆಲ್ಲ ಅಲ್ಲ. ಬೆಳಗ್ಗೆ ಎರಡು ತಾಸು ಬಿಡುವಿರುವ, ಗಾಡಿಯಿರುವ, ಶಿಬಿರದ ಸುದ್ದಿ ಮೊದಲೇ ಕಿವಿಗೆ ಬಿದ್ದಿರುವ ಮನೆಗಳ ಮಕ್ಕಳು ಅವರು. ಅವರೆಲ್ಲರಿಗಿಂತ ಜೋರಾಗಿ ಓಡಬಲ್ಲ ಹುಡುಗಿಯೊಬ್ಬಳು ಅದೇ ಹೊತ್ತಿನಲ್ಲಿ ಡೇರಿಗೆ ಹಾಲು ಹಾಕಲು ಹೋಗಿರಬಹುದು.

ಆಟವೆಲ್ಲ ದುಡ್ಡಿದ್ದವರ ಮಕ್ಕಳಿಗೆ ಎಂಬ ಮಾತು ಅರ್ಧ ಮಾತ್ರ ಸರಿ. ಹದಿಮೂರು ಹದಿನಾಲ್ಕು ದಾಟಿ, ಊರೂರಿನ ಟೂರ್ನಿಗಳಿಗೆ ಹೋಗುವ ಹಂತ ಬಂದಾಗ ದುಡ್ಡು ನಿಜಕ್ಕೂ ಅಡ್ಡ ನಿಲ್ಲುತ್ತದೆ. ಆರರಿಂದ ಹತ್ತು ವರ್ಷದ ಮಗುವಿನ ಮಟ್ಟಿಗೆ ಅದಕ್ಕಿಂತ ಮೊದಲು ಬರುವ ಪ್ರಶ್ನೆಗಳು ಬೇರೆ. ಸಂಜೆ ನಾಲ್ಕೂವರೆಗೆ ಮಗುವನ್ನು ಕರೆದೊಯ್ಯಲು ಯಾರಿಗೆ ಪುರುಸೊತ್ತಿದೆ? ಮೈದಾನ ಎಷ್ಟು ದೂರ? ಮನೆಯಲ್ಲಿ ಯಾರಿಗಾದರೂ ಈ ಲೋಕದ ದಾರಿ ಗೊತ್ತಿದೆಯೇ? ಕುಟುಂಬದ ಹಿನ್ನೆಲೆ ಮಗುವಿನ ಆಟದ ಮೇಲೆ ಕೆಲಸ ಮಾಡುವುದು ಮುಖ್ಯವಾಗಿ ಈ ಮೂರರ ಮೂಲಕ. ಮೂರಕ್ಕೂ ಅಷ್ಟಿಷ್ಟು ಉಪಾಯವಿದೆ ಎಂಬುದೇ ಈ ಬರಹಕ್ಕೆ ಕಾರಣ.

ಮೊದಲು ಪುರುಸೊತ್ತು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆನೆಟ್ ಲರೋ ಹನ್ನೆರಡು ಕುಟುಂಬಗಳ ದಿನಚರಿಯನ್ನು ಹತ್ತಿರದಿಂದ ನೋಡಿ 2003ರಲ್ಲಿ 'ಅನ್‌ಈಕ್ವಲ್ ಚೈಲ್ಡ್‌ಹುಡ್ಸ್' ಎಂಬ ಪುಸ್ತಕ ಬರೆದರು. ಮಧ್ಯಮ ವರ್ಗದ ಮನೆಗಳಲ್ಲಿ ಇಡೀ ಸಂಸಾರದ ವೇಳಾಪಟ್ಟಿ ಮಗುವಿನ ಸಾಕರ್ ಅಭ್ಯಾಸದ ಸುತ್ತ ತಿರುಗುತ್ತಿತ್ತು. ಕಾರ್ಮಿಕ ಕುಟುಂಬಗಳ ಮಕ್ಕಳು ಬೀದಿಯಲ್ಲಿ ಅಣ್ಣತಮ್ಮಂದಿರ ಜೊತೆ ತಮಗೆ ತೋಚಿದ್ದನ್ನು ಆಡುತ್ತಿದ್ದರು. ಎರಡನೆಯವರ ಬಾಲ್ಯವೇ ಹೆಚ್ಚು ಗೆಲುವಾಗಿತ್ತು, ಅವರಲ್ಲಿ 'ಬೋರು' ಎಂಬ ಗೊಣಗಾಟ ಕಡಿಮೆಯಿತ್ತು ಎಂದು ಲರೋ ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. ಆದರೆ ಮೊದಲನೆಯವರು ಕಲಿತದ್ದು ಬರೀ ಸಾಕರ್ ಅಲ್ಲ. ಹೊರಗಿನ ದೊಡ್ಡವರೊಡನೆ ಮಾತಾಡುವುದು, ತಮಗೆ ಬೇಕಾದ್ದನ್ನು ಸಂಕೋಚವಿಲ್ಲದೆ ಕೇಳುವುದು, ಸೋತು ಮಾರನೆಯ ದಿನ ಮತ್ತೆ ಹಾಜರಾಗುವುದು. ಮುಂದೆ ಶಾಲೆಯಲ್ಲಿ, ಕೆಲಸದ ಸಂದರ್ಶನದಲ್ಲಿ ಬೆಲೆ ಬಂದದ್ದು ಇವಕ್ಕೆ.

ನಮ್ಮಲ್ಲಿ ಬೀದಿಯೂ ಈಗ ಮೊದಲಿನಂತಿಲ್ಲ. ಗೋಲಿ, ಚಿನ್ನಿದಾಂಡು, ಲಗೋರಿಗೆ ಇದ್ದ ಜಾಗವನ್ನು ಸೈಟು, ಪಾರ್ಕಿಂಗು ನುಂಗಿವೆ. ಹೀಗಾಗಿ ಸಂಘಟಿತ ಕ್ರೀಡೆಗೆ ಹೋಗದ ಮಗು ಬೀದಿಯಲ್ಲಿ ಆಡುತ್ತದೆ ಎಂದು ನೆಮ್ಮದಿಯಿಂದ ಹೇಳುವಂತಿಲ್ಲ. ಅದು ಮೊಬೈಲ್ ಮುಂದೆ ಕೂತಿರುತ್ತದೆ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜಗತ್ತಿನ 11ರಿಂದ 17 ವರ್ಷದವರಲ್ಲಿ ನೂರಕ್ಕೆ 81 ಮಂದಿಗೆ ಇಷ್ಟೂ ಸಿಗುತ್ತಿಲ್ಲ ಎಂಬುದೂ ಅದರದೇ ಲೆಕ್ಕ.

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಿಗೆ ನನ್ನ ಸಲಹೆ ನೇರವಾದದ್ದು: ಕ್ರೀಡೆಯನ್ನು ಆರಿಸುವ ಮೊದಲು ಸ್ಥಳವನ್ನು ಆರಿಸಿ. ಹತ್ತು ಕಿಲೋಮೀಟರ್ ದೂರದ ಹೆಸರಾಂತ ಅಕಾಡೆಮಿಗಿಂತ ಮಗು ನಡೆದು ಹೋಗಬಲ್ಲ ಸಾಧಾರಣ ಮೈದಾನ ಮೇಲು. ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಕಲಿತದ್ದು ಮಲ್ಲೇಶ್ವರದಲ್ಲಿ, ಮನೆಗೆ ಹತ್ತಿರದ ಕೆನರಾ ಯೂನಿಯನ್ನಿನ ಕಲ್ಯಾಣ ಮಂಟಪದಲ್ಲಿ. ಮದುವೆಯಿದ್ದ ದಿನ ಆಟವಿಲ್ಲ. ಆ ಮಂಟಪದಿಂದ ಹೊರಟವರು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಈ ಕತೆಯನ್ನು 'ಸೌಲಭ್ಯವಿಲ್ಲದೆಯೂ ಗೆಲ್ಲಬಹುದು' ಎಂಬುದಕ್ಕೆ ಉದಾಹರಣೆಯಾಗಿ ಹೇಳುವವರು ಅದರ ಇನ್ನರ್ಧವನ್ನು ಮರೆಯುತ್ತಾರೆ. ಅವರ ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು. ಕೋರ್ಟ್ ಸರಿಯಿರಲಿಲ್ಲ ನಿಜ, ಆದರೆ ಯಾವ ವಯಸ್ಸಿನ ಟೂರ್ನಿ ಎಲ್ಲಿ ನಡೆಯುತ್ತದೆ, ಹೆಸರು ಯಾವಾಗ ಕೊಡಬೇಕು ಎಂಬುದು ಮನೆಯಲ್ಲೇ ಗೊತ್ತಿತ್ತು. ನನ್ನ ಲೆಕ್ಕದಲ್ಲಿ ಮರದ ನೆಲಕ್ಕಿಂತ ಈ ತಿಳಿವಳಿಕೆ ದೊಡ್ಡ ಸೌಲಭ್ಯ.

ಅಪಾರ್ಟ್‌ಮೆಂಟಿನಲ್ಲೋ ಬಡಾವಣೆಯಲ್ಲೋ ಇರುವವರು ನಾಲ್ಕೈದು ಮನೆಗಳವರು ಸೇರಿ ಸರದಿ ಹಾಕಿಕೊಳ್ಳಬಹುದು. ವಾರಕ್ಕೊಂದು ದಿನ ಒಬ್ಬರು ಎಲ್ಲ ಮಕ್ಕಳನ್ನೂ ಕರೆದೊಯ್ಯುವುದು, ಉಳಿದ ದಿನ ಬಿಡುಗಡೆ. ಹಳ್ಳಿಯಲ್ಲಾದರೆ ದೂರ ಇನ್ನೂ ದೊಡ್ಡ ಶತ್ರು, ಕೊನೆಯ ಬಸ್ಸು ಐದಕ್ಕೆ ಹೊರಟರೆ ಆಟವೂ ಐದಕ್ಕೇ ಮುಗಿಯಬೇಕು. ಇಲ್ಲಿ ಶಾಲೆಯ ಅವಧಿಯೊಳಗೆ, ಇಲ್ಲವೇ ಬೆಳಗ್ಗೆ ಗಂಟೆ ಬಾರಿಸುವ ಮುನ್ನ ಆಟ ನಡೆದರೆ ಮಾತ್ರ ಎಲ್ಲ ಮನೆಯ ಮಕ್ಕಳಿಗೂ ದಕ್ಕುತ್ತದೆ. ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ರೈತ ಕುಟುಂಬದ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೊ ಖೊ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದವರು. ಊರಿನ ಶಾಲೆಯ ಅಂಗಳದಲ್ಲೇ ಕಲಿಯಬಹುದಾದ ಆಟ ಅದು. ಎರಡು ಕಂಬ, ಒಂದು ಅಂಕಣ, ಹುರುಪಿನ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು ಇದ್ದರೆ ಆಯಿತು.

ಮೈದಾನವಿಲ್ಲದ ಶಾಲೆಯ ಪಾಲಕರು ಸುಮ್ಮನಿರಬೇಕಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಟದ ಮೈದಾನವೂ ಆಟದ ಸಾಮಗ್ರಿಯೂ ಶಾಲೆಗೆ ಇರಲೇಬೇಕಾದವುಗಳ ಪಟ್ಟಿಯಲ್ಲಿವೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಈ ಮಾತನ್ನೆತ್ತಿ ನಡಾವಳಿಯಲ್ಲಿ ಬರೆಸಿ, ಗ್ರಾಮಸಭೆಗೆ ಒಯ್ಯಿರಿ. ನರೇಗಾ ಹಣದಲ್ಲಿ ಕರ್ನಾಟಕದ ಎಷ್ಟೋ ಸರ್ಕಾರಿ ಶಾಲೆಗಳು ಅಂಗಳ ಸಮತಟ್ಟು ಮಾಡಿಸಿಕೊಂಡದ್ದು, ಕಾಂಪೌಂಡು ಕಟ್ಟಿಸಿಕೊಂಡದ್ದು ಹೀಗೆಯೇ.

ಕುಟುಂಬ ಮತ್ತು ಆಟದ ನಂಟನ್ನು ಕಣ್ಣಾರೆ ನೋಡಬೇಕೆಂದರೆ ಬೇಸಿಗೆಯಲ್ಲಿ ಕೊಡಗಿಗೆ ಹೋಗಬೇಕು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ ತಂಡವೆಂದರೆ ಒಕ್ಕ, ಅಂದರೆ ಒಂದೇ ಮನೆತನದವರು. ಮೊದಲ ವರ್ಷ 60 ಒಕ್ಕಗಳು ಆಡಿದ್ದವು, ಈಚೆಗೆ ಈ ಸಂಖ್ಯೆ 350 ದಾಟಿದೆ. ಭಾರತಕ್ಕೆ ಆಡಿದವರು, ಕಾಫಿ ತೋಟದ ಯಜಮಾನರು, ನಿವೃತ್ತ ಸೈನಿಕರು, ಮನೆಯ ಹೆಣ್ಣುಮಕ್ಕಳು, ಶಾಲಾ ಹುಡುಗರು ಒಂದೇ ಬಣ್ಣದ ಅಂಗಿ ತೊಟ್ಟು ಇಳಿಯುತ್ತಾರೆ. ಇಂಥ ಮನೆಯಲ್ಲಿ ಹುಟ್ಟಿದ ಮಗುವಿಗೆ 'ಹಾಕಿಗೆ ಸೇರಿಸೋಣವೇ' ಎಂದು ಯಾರೂ ಕೇಳುವುದಿಲ್ಲ. ಕೋಲು ಮೂಲೆಯಲ್ಲಿರುತ್ತದೆ, ಮಗು ಎತ್ತಿಕೊಳ್ಳುತ್ತದೆ.

ಆದರೆ ಅದೇ ಕೊಡಗಿನ ಸೋಮವಾರಪೇಟೆಯ ಎಸ್.ವಿ. ಸುನಿಲ್ ಬಡಗಿ ಕೆಲಸದ ಮನೆಯಿಂದ ಬಂದವರು. ಹಾಕಿಯ ಯಾವ ಒಕ್ಕದ ಬೆಂಬಲವೂ ಇರದಿದ್ದವರು ಒಲಿಂಪಿಕ್ಸ್‌ವರೆಗೆ ಆಡಿದರು. ಮನೆಯಲ್ಲಿಲ್ಲದ್ದನ್ನು ಊರು ಕೊಟ್ಟಿತು ಎನ್ನಬೇಕು. ನಿಮ್ಮ ಮನೆಯಲ್ಲಿ ಯಾರೂ ಆಡಿದವರಿಲ್ಲವಾದರೆ, ನಿಮ್ಮ ಊರಿನಲ್ಲಿ ಯಾವ ಆಟದ ಗಾಳಿಯಿದೆ ಎಂದು ಮೊದಲು ನೋಡಿ. ದಾವಣಗೆರೆಯಲ್ಲಿ ಕುಸ್ತಿ, ವಿಜಯಪುರ, ಬಾಗಲಕೋಟೆಯ ಕಡೆ ಸೈಕ್ಲಿಂಗ್, ಕರಾವಳಿಯಲ್ಲಿ ಕಬಡ್ಡಿ, ವಾಲಿಬಾಲ್. ಎಲ್ಲ ಕಡೆಯ ಮಕ್ಕಳನ್ನೂ ಕ್ರಿಕೆಟ್ಟಿಗೇ ತಳ್ಳುವುದರಲ್ಲಿ ಅರ್ಥವಿಲ್ಲ. ಕಲಿಸುವ ಹಿರಿಯರು, ಜೊತೆಗೆ ಆಡುವ ಮಕ್ಕಳು, ಊರವರ ಆಸ್ಥೆ ಈಗಾಗಲೇ ಇರುವ ಆಟದಲ್ಲಿ ಖರ್ಚೂ ಕಡಿಮೆ. ಬ್ಯಾಡ್ಮಿಂಟನ್ನಿನಲ್ಲಿ ಒಳ್ಳೆಯ ಗರಿಯ ಶಟಲ್ ಡಬ್ಬಿಯೊಂದಕ್ಕೇ ಸಾವಿರ ರೂಪಾಯಿ ದಾಟುತ್ತದೆ, ಕಬಡ್ಡಿಗೆ ಒಂದು ಚಡ್ಡಿ ಸಾಕು.

ಇನ್ನು ಮಧ್ಯಮ ವರ್ಗದ ಅವಸರದ ವಿಚಾರ. ಐದು ವರ್ಷಕ್ಕೇ ಒಂದು ಆಟ ಹಿಡಿಸಿ, ಏಳಕ್ಕೆ ಪದಕದ ಲೆಕ್ಕ ಹಾಕುವ ಮನೆಗಳು ಹೆಚ್ಚುತ್ತಿವೆ. ಇದು ಪ್ರೀತಿಯಲ್ಲ, ಹೂಡಿಕೆ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆಯಂತೆ ಒಂದೇ ಆಟಕ್ಕೆ ಅಂಟಿಕೊಳ್ಳುವುದನ್ನು ಹೆಚ್ಚಿನ ಕ್ರೀಡೆಗಳಲ್ಲಿ 15-16 ವರ್ಷದವರೆಗೆ ಮುಂದೂಡಬಹುದು, ವಾರಕ್ಕೆ ಒಂದೆರಡು ದಿನ ಪೂರ್ತಿ ವಿರಾಮವಿರಬೇಕು. ಕ್ರೀಡಾ ವೈದ್ಯರು ಬಳಸುವ ಇನ್ನೊಂದು ಸರಳ ಅಳತೆಯೂ ಇದೆ: ವಾರದ ಅಭ್ಯಾಸದ ಗಂಟೆಗಳು ಮಗುವಿನ ವಯಸ್ಸನ್ನು ಮೀರಬಾರದು. ಎಂಟು ವರ್ಷದ ಮಗುವಿಗೆ ವಾರಕ್ಕೆ ಎಂಟು ಗಂಟೆಯೇ ಮಿತಿ. ಕೆನಡಾದ ಜಾನ್ ಕೋಟೆ ಎಂಬ ಸಂಶೋಧಕರು ಆರರಿಂದ ಹನ್ನೆರಡರವರೆಗಿನ ವಯಸ್ಸನ್ನು ರುಚಿ ನೋಡುವ ಕಾಲ ಎಂದೇ ಗುರುತಿಸಿದ್ದಾರೆ. ಓಟ, ಈಜು, ಚೆಂಡಿನ ಆಟ ಒಂದೊಂದು ಸ್ವಲ್ಪ ಆಡಲಿ. ಜಿಮ್ನಾಸ್ಟಿಕ್ಸ್‌ನಂಥ ಕೆಲವೇ ಆಟಗಳಿಗೆ ಇದು ಪೂರ್ತಿ ಅನ್ವಯಿಸದು.

ತಡವಾಗಿ ಬಂದವರಿಗೂ ಜಾಗವಿದೆ. ಕುಂದಾಪುರ ಕಡೆಯ, ಗಾಡಿ ಓಡಿಸುವ ತಂದೆಯ ಮಗ ಗುರುರಾಜ ಪೂಜಾರಿ ಭಾರ ಎತ್ತಲು ಕಲಿತದ್ದು ಉಜಿರೆಯ ಕಾಲೇಜಿಗೆ ಸೇರಿದ ಮೇಲೆ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು. ಅಷ್ಟು ಎತ್ತರಕ್ಕೆ ಹೋಗುವವರು ಯಾವ ಪೀಳಿಗೆಯಲ್ಲೂ ಬೆರಳೆಣಿಕೆಯವರೇ, ನಿಜ. ಏಳು ವರ್ಷಕ್ಕೆ ಅಕಾಡೆಮಿಗೆ ಹಾಕಲಾಗಲಿಲ್ಲ ಎಂದು ಕೊರಗುವ ಬಡ ಪಾಲಕರಿಗೆ ಆ ವಯಸ್ಸಿನಲ್ಲಿ ತಪ್ಪಿಹೋದದ್ದು ಹೆಚ್ಚೇನಿಲ್ಲ ಎಂದು ಹೇಳಲು ಈ ಉದಾಹರಣೆ ಸಾಕು.

ಮನೆಯ ಹಿನ್ನೆಲೆಯ ಜೊತೆಗೆ ಹುಟ್ಟಿದ ತಿಂಗಳೂ ಆಟದಲ್ಲಿ ಕೈಯಾಡಿಸುತ್ತದೆ ಎಂದರೆ ನಗಬೇಡಿ. ಕೆನಡಾದ ಐಸ್ ಹಾಕಿ ಆಟಗಾರರ ಪಟ್ಟಿ ನೋಡಿದ ಸಂಶೋಧಕರು 1985ರಲ್ಲೇ ಬರೆದರು: ಜನವರಿಯಿಂದ ಮಾರ್ಚ್‌ವರೆಗೆ ಹುಟ್ಟಿದವರು ಅಲ್ಲಿ ಅತಿ ಹೆಚ್ಚು, ವರ್ಷದ ಕೊನೆಯಲ್ಲಿ ಹುಟ್ಟಿದವರು ತೀರಾ ಕಡಿಮೆ. ಅಲ್ಲಿ ವಯಸ್ಸಿನ ಗಡಿ ಜನವರಿ 1. ಜನವರಿಯ ಮಗುವೂ ಡಿಸೆಂಬರಿನ ಮಗುವೂ ಒಂದೇ ಗುಂಪಿನಲ್ಲಿ ಆಡಿದರೂ ನಡುವೆ ಹನ್ನೊಂದು ತಿಂಗಳ ಮೈಬೆಳವಣಿಗೆ ಇರುತ್ತದೆ. ಎಂಟು ವರ್ಷದಲ್ಲಿ ಅದು ಅಂಗೈಯಗಲ ಎತ್ತರ. ತರಬೇತುದಾರರ ಕಣ್ಣಿಗೆ ಅದೇ ಪ್ರತಿಭೆಯಾಗಿ ಕಾಣುತ್ತದೆ. ನಮ್ಮಲ್ಲಿ ಕ್ರಿಕೆಟ್ ಮಂಡಳಿಯ ಗಡಿ ಸೆಪ್ಟೆಂಬರ್ 1, ಬಹುಪಾಲು ಇತರ ಕ್ರೀಡೆಗಳಲ್ಲಿ ಕ್ಯಾಲೆಂಡರ್ ವರ್ಷವನ್ನೇ ಹಿಡಿಯುತ್ತಾರೆ. ನಿಮ್ಮ ಮಗು ಗಡಿಯ ತಪ್ಪು ಬದಿಯಲ್ಲಿ ಹುಟ್ಟಿದ್ದು, ಆಯ್ಕೆಯಾಗದೆ ಅಳುತ್ತಾ ಬಂದರೆ, ಕೆಲವು ವರ್ಷ ತಾಳಿ. ಈ ಅಂತರ ಮೀಸೆ ಮೂಡುವ ವಯಸ್ಸಿಗೆ ಕರಗುತ್ತದೆ, ಅಲ್ಲಿಯವರೆಗೆ ಮಗು ಆಟ ಬಿಡದಂತೆ ನೋಡಿಕೊಳ್ಳುವುದಷ್ಟೇ ಕೆಲಸ.

ಇದೇ ಸಂದರ್ಭದಲ್ಲಿ ಜನನ ಪ್ರಮಾಣಪತ್ರದ ಮಾತು. ಮೇಷ್ಟ್ರು ಎಲ್ಲರಿಗೂ ಜೂನ್ 1 ಎಂದು ಬರೆದುಕೊಂಡ ಕಾಲ ಹೋಯಿತು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗಂತೂ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಹುಟ್ಟಿದ 21 ದಿನದೊಳಗೆ ನೋಂದಣಿ ಉಚಿತ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಆಧಾರ್, ಶಾಲೆಯ ದಾಖಲೆ, ಪ್ರಮಾಣಪತ್ರ ಮೂರರಲ್ಲೂ ಹೆಸರು, ತಾರೀಕು ಒಂದೇ ಇರುವಂತೆ ಈಗಲೇ ನೋಡಿಕೊಳ್ಳಿ. ಆಯ್ಕೆಯ ದಿನ ಒಂದು ಅಕ್ಷರದ ವ್ಯತ್ಯಾಸಕ್ಕೆ ವಾಪಸು ಬರುವವರು ಹೆಚ್ಚಾಗಿ ಓದುಬರಹ ಕಡಿಮೆಯಿರುವ ಮನೆಯವರೇ. ವಯಸ್ಸು ಕಡಿಮೆ ತೋರಿಸುವ ಚಾಲಾಕಿಯೂ ಬೇಡ. ಕ್ರಿಕೆಟ್ ಮಂಡಳಿ ಕಿರಿಯರ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತದೆ. ಸಿಕ್ಕಿಬಿದ್ದರೆ ಶಿಕ್ಷೆ ಮಗುವಿಗೆ.

ಈಗ, ದಾರಿ ಗೊತ್ತಿಲ್ಲದವರಿಗೆ ದಾರಿ. ಸರ್ಕಾರಿ ಶಾಲೆಯ ಮಗುವಿಗೂ ತೆರೆದಿರುವ ಏಣಿ ಶಾಲಾ ಕ್ರೀಡಾಕೂಟ: ಕ್ಲಸ್ಟರ್, ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಶುಲ್ಕವಿಲ್ಲ. ಆದರೆ ಹೆಸರು ಕೊಡುವುದು ಶಿಕ್ಷಕರ ಕೈಯಲ್ಲಿದೆ, ಆದ್ದರಿಂದ ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ದೈಹಿಕ ಶಿಕ್ಷಣ ಶಿಕ್ಷಕರನ್ನು ಕಂಡು 'ನನ್ನ ಮಗಳು ಓಡುತ್ತಾಳೆ, ನೋಡಿ' ಎಂದು ಹೇಳಬೇಕು. ವಿದ್ಯಾವಂತ ಪಾಲಕರು ಇದನ್ನು ಸಲೀಸಾಗಿ ಮಾಡುತ್ತಾರೆ. ಕೂಲಿಗೆ ಹೋಗುವ ತಾಯಿಗೆ ಶಾಲೆಯ ಮೆಟ್ಟಿಲೇರಲು ಹಿಂಜರಿಕೆ. ಆ ಶಿಕ್ಷಕರಿಗೆ ಬೇಕಾಗಿರುವುದೂ ಇಂಥ ಮಕ್ಕಳೇ, ಸಂಕೋಚ ಬೇಡ.

ಎರಡನೆಯ ಬಾಗಿಲು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾಶಾಲೆ, ಕ್ರೀಡಾ ವಸತಿ ನಿಲಯಗಳು. ಬೆಂಗಳೂರಿನ ವಿದ್ಯಾನಗರದ ಕ್ರೀಡಾಶಾಲೆ ಹೆಸರಾದದ್ದು, ಬಹುತೇಕ ಜಿಲ್ಲೆಗಳಲ್ಲೂ ನಿಲಯಗಳಿವೆ. ಊಟ, ವಸತಿ, ತರಬೇತಿ, ಓದು ಸರ್ಕಾರದ ಖರ್ಚಿನಲ್ಲಿ. ಸಾಮಾನ್ಯವಾಗಿ 5 ಮತ್ತು 8ನೇ ತರಗತಿಗೆ ಸೇರುವವರನ್ನು, ಶಾಲಾ ವರ್ಷ ಶುರುವಾಗುವ ಮುನ್ನ, ಆಯ್ಕೆ ಮಾಡುತ್ತಾರೆ. ಎತ್ತರ, ತೂಕ ಅಳೆದು, ಸಣ್ಣ ದೂರದ ಓಟ, ನಿಂತಲ್ಲಿಂದ ಜಿಗಿತ, ಶಟಲ್ ಓಟ, ಚೆಂಡು ಎಸೆತ, 800 ಮೀಟರ್‌ನಂಥ ಪರೀಕ್ಷೆ ಮಾಡುತ್ತಾರೆ. ಯಾವ ಅಕಾಡೆಮಿಗೂ ಹೋಗದ, ಗದ್ದೆಯಲ್ಲಿ ಓಡಾಡಿದ ಮಗುವಿಗೆ ಇವು ಅನುಕೂಲವೇ. ಪ್ರಕಟಣೆ ಒಂದೆರಡು ವಾರದ ಅವಧಿಯಲ್ಲಿ ಬಂದು ಹೋಗುತ್ತದೆ. ಜನವರಿಯಿಂದಲೇ ಜಿಲ್ಲಾ ಕ್ರೀಡಾಂಗಣದಲ್ಲಿರುವ ಇಲಾಖೆಯ ಕಚೇರಿಗೆ ಆಗಾಗ ಹೋಗಿ ವಿಚಾರಿಸಿ. ಹತ್ತು ವರ್ಷದ ಮಗುವನ್ನು ಮನೆ ಬಿಡಿಸುವುದು ಸಣ್ಣ ತೀರ್ಮಾನವಲ್ಲ. ಸೇರಿಸುವ ಮೊದಲು ನಿಲಯವನ್ನು ಕಣ್ಣಾರೆ ನೋಡಿ, ಅಡುಗೆಮನೆ, ಶೌಚಾಲಯವನ್ನೂ ವಾರ್ಡನ್ನರನ್ನೂ. ಇದರ ಮುಂದಿನ ಹಂತ ಖೇಲೋ ಇಂಡಿಯಾ. ಅಲ್ಲಿ ಆಯ್ಕೆಯಾದ ಕ್ರೀಡಾಪಟುವಿಗೆ ಕೈಖರ್ಚಿಗೆಂದೇ ತಿಂಗಳಿಗೆ 10,000 ರೂಪಾಯಿ ನಿಗದಿಯಾಗಿದೆ.

ಖಾಸಗಿ ಅಕಾಡೆಮಿಗೆ ಸೇರಿಸುವವರು ಗೋಡೆಯ ಮೇಲಿನ ತಾರೆಯರ ಫೋಟೋ ನೋಡಿ ಮರುಳಾಗಬೇಡಿ. ಎಂಟು ವರ್ಷದ ಮಗುವಿಗೆ ದಿನವೂ ಕಲಿಸುವವರು ಯಾರು, ಅವರು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇಲ್ಲವೇ ಆರು ವಾರದ ಕೋರ್ಸನ್ನಾದರೂ ಮಾಡಿದ್ದಾರೆಯೇ, ಒಬ್ಬರ ಪಾಲಿಗೆ ಎಷ್ಟು ಮಕ್ಕಳು ಎಂದು ಕೇಳಿ. ವರ್ಷದ ಶುಲ್ಕ ಒಟ್ಟಿಗೆ ಕಟ್ಟಬೇಡಿ, ಮಕ್ಕಳ ಆಸೆಯ ಆಯುಷ್ಯ ಎಷ್ಟೋ ಸಲ ಎರಡೇ ತಿಂಗಳು. ಅಭ್ಯಾಸವನ್ನು ಪಾಲಕರು ನೋಡುವಂತಿಲ್ಲ ಎನ್ನುವ ಕಡೆಗೆ ಸೇರಿಸಲೇಬೇಡಿ. ಒಬ್ಬ ತರಬೇತುದಾರರ ಹೆಸರೆತ್ತಿದರೆ ಮಗು ಇದ್ದಕ್ಕಿದ್ದಂತೆ ಮಂಕಾಗುತ್ತದೆ ಎಂದರೆ ಅದನ್ನು ಸೋಮಾರಿತನ ಎನ್ನದೆ ಕೂತು ಕೇಳಿ. ಪೋಕ್ಸೊ ಕಾಯ್ದೆ ಮೈದಾನಕ್ಕೂ ಅನ್ವಯಿಸುತ್ತದೆ, ಮಕ್ಕಳ ಸಹಾಯವಾಣಿ 1098. ತರಬೇತಿಯ ಜೊತೆ ಪ್ರೋಟೀನ್ ಪುಡಿಯ ಡಬ್ಬಿ ಮಾರುವವರನ್ನೂ ದೂರವಿಡಿ. ಮುದ್ದೆ, ಸೊಪ್ಪು, ಕಾಳು, ಮೊಟ್ಟೆ, ಬಾಳೆಹಣ್ಣು ಈ ವಯಸ್ಸಿಗೆ ಧಾರಾಳವಾಯಿತು.

ಹೆಣ್ಣುಮಕ್ಕಳ ವಿಷಯದಲ್ಲಿ ಹಿನ್ನೆಲೆ ಇನ್ನೂ ಬಲವಾಗಿ ಕೆಲಸ ಮಾಡುತ್ತದೆ. ಏಳೆಂಟು ವರ್ಷದವರೆಗೆ ಹುಡುಗನಷ್ಟೇ ಓಡುವವಳು ಹನ್ನೆರಡಕ್ಕೆ ಮೈದಾನದಿಂದ ಕಾಣೆಯಾಗುತ್ತಾಳೆ. ಕಾರಣಗಳು ನಿಮಗೂ ಗೊತ್ತು: ಚಡ್ಡಿಯ ಬಗ್ಗೆ ಊರವರ ಮಾತು, ಬಟ್ಟೆ ಬದಲಿಸಲು ಕೋಣೆಯಿಲ್ಲ, ಕತ್ತಲಾದ ಮೇಲೆ ಬಸ್ಸು, ಮನೆಯಲ್ಲಿ ಹೆಚ್ಚಿದ ಕೆಲಸ. ಇಲ್ಲಿ ದುಡ್ಡಿಗಿಂತ ಮನೆಯ ಒಬ್ಬ ಹಿರಿಯರ ನಿಲುವು ದೊಡ್ಡದು. ವಿಜಯಪುರದ ಶಿಕ್ಷಕರೊಬ್ಬರು ಮಗಳನ್ನು ಆಟಕ್ಕೆ ಹುರಿದುಂಬಿಸಿ ಕಳುಹಿಸಿದರು, ಆ ಮಗಳು ರಾಜೇಶ್ವರಿ ಗಾಯಕವಾಡ್ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತರು. ಮಗಳಿಗೆ ಜೊತೆಗೊಬ್ಬ ಗೆಳತಿಯನ್ನೂ ಸೇರಿಸಿ. ಒಬ್ಬಳೇ ಹುಡುಗಿ ಇರುವ ತಂಡದಲ್ಲಿ ಆಕೆ ಉಳಿಯುವುದು ಕಷ್ಟ, ಮೂವರಿದ್ದರೆ ಉಳಿಯುತ್ತಾರೆ. ಪೂರ್ತಿ ಉದ್ದದ ಟ್ರ್ಯಾಕ್ ಪ್ಯಾಂಟ್ ಹಾಕಿ ಆಡಲು ತರಬೇತುದಾರರು ಒಪ್ಪಿದರೆ ಅರ್ಧ ಊರಿನ ಬಾಯಿ ಮುಚ್ಚುತ್ತದೆ. ಅದು ನ್ಯಾಯವೇ ಎಂದು ಕೇಳಿದರೆ ಅಲ್ಲ. ಹುಡುಗಿ ಆಟದಲ್ಲಿ ಉಳಿಯುವುದು ಸದ್ಯಕ್ಕೆ ಹೆಚ್ಚು ಮುಖ್ಯ.

ತಾವು ಎಂದೂ ಆಡದ ಪಾಲಕರು ಕೇಳುವ ಪ್ರಶ್ನೆ: ನಮಗೆ ಗೊತ್ತಿಲ್ಲ, ಮಗುವಿಗೆ ಏನೆಂದು ಹೇಳಿಕೊಡುವುದು? ಹೇಳಿಕೊಡಬೇಡಿ. ಆಡಿ ಬಂದ ಮಗುವಿಗೆ 'ಗೆದ್ದೆಯಾ' ಎಂಬುದರ ಬದಲು 'ಯಾರ ಜೊತೆ ಆಡಿದೆ' ಎಂದು ಕೇಳಿದರೆ ಸಾಕು. ನಾರ್ವೆಯಲ್ಲಿ 1987ರಿಂದಲೂ ಮಕ್ಕಳ ಕ್ರೀಡೆಗೆಂದೇ ನಿಯಮಗಳಿವೆ. ಈಗಿನ ನಿಯಮದಂತೆ ಹನ್ನೊಂದನೆಯ ವಯಸ್ಸಿಗೆ ಮುಂಚೆ ಅಂಕಪಟ್ಟಿ, ಸ್ಥಾನಪಟ್ಟಿ ಪ್ರಕಟಿಸುವಂತಿಲ್ಲ, ಹದಿಮೂರಕ್ಕೆ ಮುಂಚೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪದಕ ಬಾಚುವುದೂ ಅದೇ ದೇಶ. ನಮ್ಮಲ್ಲಿ ಆರು ವರ್ಷದವರ ಓಟಕ್ಕೂ ಫ್ಲೆಕ್ಸ್ ಹಾಕಿಸುತ್ತೇವೆ.

ಬೇಡವೆಂದು ಹಟ ಹಿಡಿದ ಮಗುವನ್ನು ಕಟ್ಟಿದ ತಿಂಗಳ ಕೊನೆಯವರೆಗೆ ಕಳುಹಿಸಿ, ಆಮೇಲೆ ಬಿಡಿಸಿ. ಬೇರೊಂದು ಆಟಕ್ಕೆ ತಾನಾಗಿ ಕೇಳಿಕೊಂಡು ಬರುತ್ತದೆ. ಅಷ್ಟರಲ್ಲಿ ಶೂ ಚಿಕ್ಕದಾಗಿರುತ್ತದೆ. ಬೆಳೆಯುವ ಕಾಲಿಗೆ ಒಂದು ಜೊತೆ ಒಂದು ವರ್ಷವೂ ಬರುವುದಿಲ್ಲ, ಅಟ್ಟದಲ್ಲಿ ಇಟ್ಟರೆ ಅಂಟು ಬಿಟ್ಟುಹೋಗುತ್ತದೆ. ಒಗೆದು, ಒಣಗಿಸಿ, ಹತ್ತಿರದ ಸರ್ಕಾರಿ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರಿಗೆ ಕೊಟ್ಟುಬನ್ನಿ. ಯಾವ ಮಗು ಬರಿಗಾಲಲ್ಲಿ ತಾಲ್ಲೂಕು ಮಟ್ಟಕ್ಕೆ ಹೋಗುತ್ತಿದೆ, ಅದರ ಅಳತೆ ಎಷ್ಟು ಎಂಬುದು ಅವರಿಗೆ ಗೊತ್ತಿರುತ್ತದೆ.